ಎರಡು ತಲೆ ಹಕ್ಕಿ, ಒಂದು ತಲೆ ಗಂಡ

ಒಂದು ಊರಿತ್ತಂತೆ. ಊರು ಅಂದಮೇಲೆ ಅದಕ್ಕೊಬ್ಬ ರಾಜ ಇರಬೇಕಲ್ಲ, ಇದ್ದನಂತೆ. ಹೂಂ ಅನ್ನಿ. ಹೂಂ ಅನ್ನೋರು ಇಲ್ದಿದ್ರೆ ನನ್ನ ಕತೆ ಮೊಂಡು ಎಮ್ಮೆ ಹಾಗೆ ದಾರೀಲೇ ಮಲಗಿಬಿಡುತ್ತೆ, ಆಮೇಲೆ ಎಬ್ಬಿಸೋಕೆ ನನ್ನ ಕೈಲಾಗಲ್ಲ. ಜಗಲಿ ಮೇಲೆ ಕೂತಿರೋರು ಹೂಂ ಅನ್ನೋದೇನೂ ಬೇಡ. ಅವರು ಕೇಳಿಸಿಕೊಂಡ್ರೆ ಸಾಕು. ಅದಕ್ಕೇ ಇವತ್ತು ಸ್ವಲ್ಪ ಗಟ್ಟಿಯಾಗಿ ಹೇಳ್ತಾ ಇದ್ದೀನಿ.

ಆ ರಾಜನ ಬಾವುಟದ ಮೇಲೆ ಒಂದು ಹಕ್ಕಿ ಇತ್ತಂತೆ. ಅಂತಿಂಥ ಹಕ್ಕಿ ಅಲ್ಲ, ಗಂಡಭೇರುಂಡ. ಮೈ ಒಂದೇ, ತಲೆ ಎರಡು. ಒಂದು ತಲೆ ಆ ಕಡೆ ನೋಡುತ್ತೆ, ಇನ್ನೊಂದು ಈ ಕಡೆ ನೋಡುತ್ತೆ. ಕಾಲಿಗೊಂದು ಆನೆ ಎತ್ತಿಕೊಂಡು ಹಾರುತ್ತಂತೆ. ಯಾರು ನೋಡಿದ್ರು ಅಂತ ಕೇಳಬೇಡಿ. ಯಾರೂ ನೋಡಿರಲಿಲ್ಲ, ಬಾವುಟ ಹೊಲಿದವನೂ ನೋಡಿರಲಿಲ್ಲ.

ಒಂದಿನ ರಾಣಿಯ ತಮ್ಮ ಅಕ್ಕನ ಮನೆಗೆ ಬಂದ. ರಾಜನೂ ರಾಣಿಯೂ ಅವನೂ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ. ಹೋಳಿಗೆ ಬಡಿಸ್ತಾ ಇದ್ದಾರೆ. ಅವನು ಕಿಟಕಿಯಿಂದ ಬಾವುಟ ನೋಡಿ, "ಭಾವ, ನಮ್ಮ ಬಾವುಟದಲ್ಲಿ ಆನೆ ಇದೆ. ಲಾಯಕ್ಕೆ ಬನ್ನಿ, ಆನೆ ತೋರಿಸ್ತೀನಿ. ನಿಮ್ಮ ಬಾವುಟದಲ್ಲಿ ಎರಡು ತಲೆ ಹಕ್ಕಿ ಇದೆ. ಎಲ್ಲಿ, ತೋರಿಸಿ ನೋಡೋಣ?" ಅಂದ.

ರಾಣಿಗೆ ನಗು ತಡೆಯಕ್ಕಾಗಲಿಲ್ಲ. ಕಿಸಕ್ಕಂತ ನಕ್ಕುಬಿಟ್ಟಳು. ಅಷ್ಟೇ ನೋಡಿ! ರಾಜ ಅರ್ಧ ಹೋಳಿಗೆ ಬಿಟ್ಟು ಎದ್ದ. "ಮುಂದಿನ ಹಬ್ಬಕ್ಕೆ ಬಾರೋ, ಹಕ್ಕಿ ತೋರಿಸ್ತೀನಿ. ಅಲ್ಲೀವರೆಗೂ ನಿಮ್ಮಕ್ಕನ ಜೊತೆ ನನಗೆ ಊಟ ಸೇರಲ್ಲ" ಅಂದ. ಅವತ್ತಿಂದ ರಾಜನ ತಟ್ಟೆ ಬೇರೆ ಆಯ್ತು.

ಮಾರನೇ ದಿನವೇ ಅಕ್ಕಸಾಲಿಗರನ್ನ ಕರೆಸಿ ಪಂಜರ ಮಾಡಿಸಿದ. ಆಳುದ್ದದ ಪಂಜರ, ಸರಳಿಗೆಲ್ಲ ಚಿನ್ನದ ನೀರು. ಹಕ್ಕಿ ಇನ್ನೂ ಬಂದಿಲ್ಲ, ಪಂಜರ ಬಂತು. ಅದರ ಮುಂದೆ ಮಣೆ ಹಾಕಿಸಿಕೊಂಡು ಒಬ್ಬನೇ ಕೂತು ಉಣ್ಣೋನು. ಆಮೇಲೆ ಡಂಗುರ ಹೊಡೆಸಿದ.

ಡಂಗುರದವನು ಏನು ಸಾರಬೇಕಿತ್ತು? "ಗಂಡಭೇರುಂಡ ತಂದವರಿಗೆ ಕೇಳಿದ್ದು ಕೊಡ್ತೀವಿ. ಸುಳ್ಳು ತಂದರೆ ತಂದದ್ದನ್ನೇ ಪಂಜರದಲ್ಲಿ ಕೂಡಿಹಾಕ್ತೀವಿ." ಆದ್ರೆ ನಮ್ಮ ಕಡೆ ನಾಲಿಗೆ ನಿಮಗೆ ಗೊತ್ತಲ್ಲ. ಭಟ್ಟರು ಬಟ್ಟರಾಗ್ತಾರೆ, ಭಾಗ್ಯ ಬಾಗ್ಯ ಆಗ್ತಾಳೆ. ಹೊಟ್ಟೆಯಿಂದ ಉಸಿರು ತಂದು 'ಭ' ಅನ್ನೋಷ್ಟು ಪುರುಸೊತ್ತು ಯಾರಿಗಿದೆ? ಅವನು ಸಾರಿದ್ದು ಹೀಗೆ: "ಕೇಳ್ರಪ್ಪೋ ಕೇಳ್ರಿ! ಗಂಡ ಬೇರುಂಡ ಇದ್ದೋರು ಅರಮನೆಗೆ ತರಬೇಕಂತೆ! ತಂದೋರಿಗೆ ಕೇಳಿದ್ದು ಕೊಡ್ತಾರಂತೆ!"

ಅಷ್ಟು ಹೇಳಿದ್ದು ಅರಮನೆಯಿಂದ ಅರ್ಧ ದಿನದ ದಾರೀಲಿರೋ ಒಂದು ಹಳ್ಳಿ ಬಾವಿಕಟ್ಟೆ ಹತ್ರ. ಮಿಕ್ಕಿದ್ದನ್ನ ಹೇಳೋ ಹೊತ್ತಿಗೆ ಅವನು ಮುಂದಿನ ಬೀದಿಗೆ ಹೋಗಿದ್ದ. ಬಾವಿಕಟ್ಟೆ ಹೆಂಗಸರ ಕಿವಿಗೆ ಬಿದ್ದಿದ್ದು ಮೊದಲನೇ ಅರ್ಧ ಮಾತ್ರ.

"ಏನಂದನೇ ಅವನು?"

"ಗಂಡ ಬೇರೆ ಉಂಡ ಅಂದ ಕಣೇ. ಬೇರೆ ಉಣ್ಣೋ ಗಂಡ ಇದ್ರೆ ಕರ್ಕೊಂಡು ಬನ್ನಿ ಅಂತ ರಾಜರು ಅಂದವ್ರೆ."

ಎಲ್ಲರೂ ಬಿಂದಿಗೆ ಕೆಳಗಿಟ್ಟು ಒಂದೇ ಕಡೆ ತಿರುಗಿ ನೋಡಿದರು. ಅಲ್ಲಿ ಹಗ್ಗ ಹಿಡ್ಕೊಂಡು ನಿಂತಿದ್ದೋಳು ಚಿಕ್ಕಹೊನ್ನಿ.

ಈ ಚಿಕ್ಕಹೊನ್ನಿ ಯಾರು ಅಂತೀರಾ? ಆ ಹಳ್ಳಿಯ ಒಕ್ಕಲಿನ ಮನೆ ಸೊಸೆ. ಗಂಡನ ಹೆಸರು ನಂಜುಂಡ. ಗಂಡ ಹೆಂಡ್ತಿ ಇಬ್ಬರಿಗೂ ಮೂಗಿನ ತುದೀಲೇ ಕೋಪ. ಒಂದಿನ ಹೊನ್ನಿ ಸಾರಿಗೆ ಉಪ್ಪು ಹಾಕಿದಳು. ಹಾಕಿ, ಪಕ್ಕದ ಮನೆಯವಳ ಹತ್ರ ಮಾತಾಡಿಕೊಂಡು ಬಂದು, ಹಾಕಿಲ್ಲ ಅಂದುಕೊಂಡು ಇನ್ನೊಂದು ಸಲ ಹಾಕಿದಳು. ನಂಜುಂಡ ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟ. ಮುಖ ಹಿಂಡಿದ. "ಇದೇನು ಸಾರಾ, ನಂಜಾ?" ಅಂದ.

ಹೊನ್ನಿ ಸುಮ್ನಿರ್ತಾಳಾ? "ಇಟ್ಕೊಂಡಿರೋ ಹೆಸರಿಗಾದ್ರೂ ಉಣ್ಣಬಾರದಾ?" ಅಂದುಬಿಟ್ಟಳು.

"ನಂಜು ಉಂಡಿದ್ದು ಆ ದೇವರು. ನಾನಲ್ಲ!" ಅಂತ ಅವನು ತಟ್ಟೆ ತಳ್ಳಿ ಎದ್ದ. ಕೊಟ್ಟಿಗೇಲಿ ಮೂರು ಕಲ್ಲಿಟ್ಟು ಒಲೆ ಹೂಡಿದ. ಅವತ್ತಿಂದ ಅವನ ಅಡುಗೆ ಅವನಿಗೆ, ಇವಳ ಅಡುಗೆ ಇವಳಿಗೆ. ಅವನಿಗೆ ಮುದ್ದೆ ತೊಳಸೋಕೆ ಬರುತ್ತಾ? ಒಳಗೆಲ್ಲ ಹಸಿ ಹಿಟ್ಟಿನ ಗಂಟು. ಆದ್ರೂ ಹೊನ್ನಿಗೆ ಕಾಣೋ ಹಾಗೆ ಕೂತು, "ಆಹಾ, ಏನು ರುಚಿ!" ಅಂತ ನುಂಗೋನು. ಎತ್ತುಗಳು ಮುಖ ತಿರುಗಿಸಿಕೊಳ್ತಿದ್ವಂತೆ.

ಹೊನ್ನಿಗೆ ಮಾತ್ರ ಊಟ ಇಳೀತಿರಲಿಲ್ಲ. ಅಭ್ಯಾಸಬಲ, ದಿನಾ ಎರಡು ತಟ್ಟೆ ತೊಳೆಯೋಳು, ಎರಡು ಮುದ್ದೆ ಕಟ್ಟೋಳು, ಆಮೇಲೆ ಒಂದನ್ನ ನಾಯಿಗೆ ಹಾಕೋಳು. ನಾಯಿ ದಪ್ಪಗಾಯ್ತು, ಹೊನ್ನಿ ಸೊರಗಿದಳು. ನೀನೇ ಹೋಗಿ ಕರೀಬಾರದೇನೇ ಅಂದ್ರೆ, "ಎದ್ದು ಹೋದೋರು ಅವರು, ಅವರೇ ಬರಲಿ" ಅನ್ನೋಳು. ಅವನನ್ನ ಕೇಳಿದ್ರೆ, "ಕರೆಯೋಳು ಅವಳು, ಕರೀಲಿ" ಅನ್ನೋನು. ಗಂಡಸರ ಜಂಬ ಅಂತೀನಿ ನಾನು. ಜಗಲಿ ಮೇಲಿರೋರು ಏನಂತಾರೋ.

ಬಾವಿಕಟ್ಟೆ ಮಾತು ಕೇಳಿದ್ದೇ ಹೊನ್ನಿ ಖಾಲಿ ಬಿಂದಿಗೇನೇ ಎತ್ಕೊಂಡು ಮನೆಗೋಡಿದಳು. 'ಕೇಳಿದ್ದು ಕೊಡ್ತಾರಂತೆ. ಈ ಮನುಷ್ಯ ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾನೆ, ಮನೇಲಿ ಕೂತು ಉಣ್ಣು ಅಂತ ಒಂದು ಮಾತು ಹೇಳಪ್ಪಾ ಅಂತ ರಾಜರನ್ನೇ ಕೇಳ್ತೀನಿ' ಅಂದುಕೊಂಡಳು. ಕೊಟ್ಟಿಗೆ ಬಾಗಿಲಲ್ಲಿ ನಿಂತು ಕಂಬಕ್ಕೆ ಹೇಳೋ ಹಾಗೆ ಹೇಳಿದಳು:

"ಬೇರೆ ಉಂಡೋರನ್ನ ರಾಜರು ನೋಡಬೇಕಂತೆ."

"ನನ್ನನ್ನಾ?" ಅಂತ ನಂಜುಂಡ ಎದ್ದು ನಿಂತ. ತಾನು ಬೇರೆ ಒಲೆ ಹೂಡಿದ ಸುದ್ದಿ ಅರಮನೆವರೆಗೂ ಹೋಗಿದೆ ಅಂದ್ರೆ ಸಾಮಾನ್ಯಾನಾ ಅಂದುಕೊಂಡು ಮದುವೇಲಿ ಕೊಟ್ಟ ರುಮಾಲು ಹುಡುಕಿ ಸುತ್ತಿದ, ಮೀಸೆಗೆ ಎಣ್ಣೆ ಹಚ್ಚಿದ.

ಹೊರಟರಂತೆ. ಅವನು ಮುಂದೆ, ಇವಳು ಹಿಂದೆ. ಅವನ ಬುತ್ತಿ ಅವನ ಹೆಗಲ ಮೇಲೆ, ಇವಳ ಬುತ್ತಿ ಇವಳ ತಲೆ ಮೇಲೆ. ಮಧ್ಯಾಹ್ನ ಒಂದೇ ಹುಣಸೆಮರದ ಕೆಳಗೆ ಕೂತರು. ಮರದ ಆ ಕಡೆ ಅವನು, ಈ ಕಡೆ ಇವಳು. ನೀರು ಬೇಕಾದ್ರೂ ಮರಕ್ಕೇ ಕೇಳಬೇಕು, ಕೊಟ್ಟರೂ ಮರಕ್ಕೇ ಕೊಡಬೇಕು. ಹೂಂ ಅನ್ನಿ.

ಅರಮನೆ ಮುಂದೆ ನೋಡಿದ್ರೆ ಸಾಲು ನಿಂತಿದೆ! ಮುಂದೆ ಇದ್ದೋನು ಎರಡು ಹುಂಜಾನ ಒಂದೇ ಚೀಲದಲ್ಲಿ ಕಟ್ಟಿ, ಕತ್ತು ಮಾತ್ರ ಹೊರಗೆ ಬಿಟ್ಟುಕೊಂಡು ತಂದಿದ್ದ. ರಾಜ ಬಂದು ನೋಡೋ ಹೊತ್ತಿಗೆ ಎರಡೂ ಒಂದನ್ನೊಂದು ಕುಕ್ಕಿ ಚೀಲ ಹರಿದು ಹೊರಗೆ ಬಂದ್ವು. "ಪಂಜರಕ್ಕೆ!" ಅಂದ ರಾಜ. ಅವನ ಹಿಂದೆ ಒಬ್ಬ ಮಿಠಾಯಿ ಅಂಗಡಿಯವನು. ಅವನ ಕಿವಿಗೆ 'ಬೇರುಂಡೆ' ಅಂತ ಕೇಳಿಸಿತ್ತಂತೆ. ಶುಂಠಿ ಬೇರು ಕುಟ್ಟಿ, ಬೆಲ್ಲ ಹಾಕಿ, ಉಂಡೆ ಕಟ್ಟಿ ತಂದಿದ್ದ. ರಾಜ ಒಂದು ಉಂಡೆ ತಿಂದ. ಇನ್ನೊಂದು ತಿಂದ. "ಚೆನ್ನಾಗಿದೆ. ಪಂಜರಕ್ಕೆ!" ಅಂದ. ಉಂಡೆ ಪಂಜರಕ್ಕೆ ಹೋಯ್ತು, ಅದನ್ನ ಹುಂಜ ತಿಂದ್ವು, ತಿಂದು ಕೆಮ್ಮಿದ್ವು.

ಆಮೇಲೆ ಹೊನ್ನಿ ಸರದಿ. ರಾಜನ ಪಕ್ಕದಲ್ಲಿ ಆಸ್ಥಾನದ ಪಂಡಿತರು ಕೂತಿದ್ರು. ಒಳ್ಳೇ ಮನುಷ್ಯ, ಮಾತಿನ ಹುಚ್ಚು.

"ಏನು ತಂದಿದ್ದೀಯಮ್ಮಾ?" ಅಂದ ರಾಜ.

"ಗಂಡ ಬೇರುಂಡ, ಬುದ್ದಿ."

"ಎಲ್ಲಿ?"

"ಇವರೇ, ಬುದ್ದಿ."

ನಂಜುಂಡ ರುಮಾಲು ಸರಿಮಾಡಿಕೊಂಡು ಎದೆ ಉಬ್ಬಿಸಿದ. ರಾಜ ಅವನನ್ನ ಮುಂದಿಂದ ನೋಡಿದ, ಹಿಂದಿಂದ ನೋಡಿದ. ತಲೆ ಒಂದೇ ಇತ್ತು. "ಯಾರಿವನು? ಹೆಸರೇನು?" ಅಂದ.

ಹೊನ್ನಿ ಸೆರಗು ಬಾಯಿಗಿಟ್ಟಳು. ಕಟ್ಟಿಕೊಂಡವನ ಹೆಸರು ಬಾಯಲ್ಲಿ ಹೇಳಿದ್ರೆ ಅವನ ಆಯಸ್ಸು ಕಮ್ಮಿ ಆಗುತ್ತೆ ಅಂತ ನಂಬಿದ್ದ ಕಾಲ ಅದು. ಸುತ್ತಿ ಬಳಸಿ ಹೇಳಬೇಕು. "ಸಮುದ್ರ ಕಡೆದಾಗ ಬಂತಲ್ಲ ಬುದ್ದಿ, ಶಿವಪ್ಪ ಗಂಟಲಲ್ಲಿ ಇಟ್ಕೊಂಡನಲ್ಲ, ಅದು" ಅಂದಳು.

ಪಂಡಿತರಿಗೆ ಖುಷಿಯಾಯ್ತು. "ಹಾಲಾಹಲ!" ಅಂದರು.

"ಅಷ್ಟು ದೊಡ್ಡದಲ್ಲ ಸ್ವಾಮಿ."

"ಕಾಲಕೂಟ?"

"ಇನ್ನೂ ಕೆಳಗೆ ಬನ್ನಿ."

"ವಿಷ?"

"ನಮ್ಮ ಮನೇಲಿ ಅನ್ನೋ ಹಾಗೆ ಅನ್ನಿ ಸ್ವಾಮಿ."

"ನಂಜು!"

"ಹಾಂ! ಈಗ, ಅನ್ನ ಬಡಿಸಿದ್ರೆ ನೀವು ಏನು ಮಾಡ್ತೀರಿ?"

"ಉಣ್ತೀನಿ... ಓಹೋ, ನಂಜುಂಡ!" ಅಂತ ಪಂಡಿತರು ತೊಡೆ ತಟ್ಟಿದರು.

"ನೋಡಿ ಬುದ್ದಿ, ನಿಮ್ಮ ಪಂಡಿತರೇ ಬಿಡಿಸಿದ್ರು" ಅಂದಳು ಹೊನ್ನಿ. "ಅದನ್ನ ಉಂಡರೆ ಅವರಂದ ಹೆಸರು ಆಗೋದಾದ್ರೆ, ಬೇರೆ ಉಂಡರೆ ಬೇರುಂಡ ಆಗಲ್ವಾ? ಇವರು ನನ್ನ ಗಂಡ. ಬೇರೆ ಉಂಡರು. ಗಂಡ ಬೇರುಂಡ. ಡಂಗುರದವರು ಕೇಳಿದ್ದನ್ನೇ ತಂದಿದ್ದೀನಿ."

ಪಂಡಿತರು ತಲೆ ಕೆರೆದುಕೊಂಡರು. "ಹಾಗಲ್ಲಮ್ಮ. ಆ ಮಾತೇ ಬೇರೆ, ಈ ಮಾತೇ ಬೇರೆ. ಭೇರುಂಡ ಅಂದ್ರೆ ಭಯಂಕರ. ಗಂಡ ಅಂದ್ರೆ ಇಲ್ಲಿ ನಿನ್ನ ಗಂಡ ಅಲ್ಲ. ಗಂಡ ಅಂದ್ರೆ ವೀರ, ಶೂರ."

"ಶೂರಾನಾ?" ಹೊನ್ನಿ ಗಂಡನ ಕಡೆ ತಿರುಗಿ ನೋಡಿದಳು. "ಮೈ ಮೇಲೆ ಹಲ್ಲಿ ಬಿದ್ರೆ ಬೀದಿಗೆ ಓಡ್ತಾರೆ ಸ್ವಾಮಿ!"

"ಏ, ಅದು ದೊಡ್ಡ ಹಲ್ಲಿ ಕಣೇ!" ಅಂದ ನಂಜುಂಡ. ಸಭೆ ಎಲ್ಲ ಗೊಳ್ಳಂತ ನಕ್ಕಿತು. ಮೇಲಿನ ಮಾಳಿಗೆ ಕಿಟಕೀಲಿ ಯಾರೋ ಕಿಸಕ್ಕಂದಿದ್ದೂ ಕೇಳಿಸ್ತು. ಆ ಕಿಸಕ್ಕು ಕೇಳಿದ್ದೇ ರಾಜನ ಮುಖ ಕೆಂಪಗಾಯ್ತು.

"ಸಾಕು! ಸುಳ್ಳು ತಂದ್ರೆ ತಂದದ್ದು ಪಂಜರಕ್ಕೆ. ಎಳೀರಿ ಇವನನ್ನ!"

"ಅಯ್ಯೋ ಬುದ್ದಿ, ಆ ಮಾತು ನಾನು ಕೇಳೇ ಇಲ್ಲ! ಎಷ್ಟು ದಿನಕ್ಕೆ ಬುದ್ದಿ?"

"ನಿಜವಾದ ಹಕ್ಕಿ ಸಿಗೋವರೆಗೂ!"

ಯಾರೂ ನೋಡದ ಹಕ್ಕಿ ಸಿಗೋದು ಯಾವಾಗ? ಆಳುಗಳು ನಂಜುಂಡನ್ನ ಎಳೆದು ಪಂಜರಕ್ಕೆ ತಳ್ಳಿದರು. ರುಮಾಲು ಕೆಳಗೆ ಬಿತ್ತು, ಬಾಗಿಲು ಝಣಕ್ಕಂತ ಮುಚ್ಚಿತು, ಬೀಗ ಬಿತ್ತು. ಆಗ ಹೊನ್ನಿ ಬಾಯಿಂದ, ಮದುವೆ ಆದಾಗಿಂದ ಒಂದು ಸಲವೂ ಬಾರದ ಹೆಸರು ಬಂದುಬಿಡ್ತು.

"ನಂಜುಂಡಾ!"

ಅಂದಳು, ಅಂದು ನಾಲಿಗೆ ಕಚ್ಚಿಕೊಂಡಳು, ಕೆನ್ನೆ ಕೆನ್ನೆ ಬಡ್ಕೊಂಡಳು. "ತಪ್ಪಾಯ್ತು ದೇವರೇ, ಬಾಯಿ ತಪ್ಪಿ ಬಂತು, ಅವರ ಆಯಸ್ಸು ಕಳೀಬೇಡ" ಅಂತ ಅಳೋಕೆ ಶುರುಮಾಡಿದಳು. ಪಂಜರದೊಳಗೆ ನಂಜುಂಡ ಸರಳು ಹಿಡ್ಕೊಂಡು ಅವಳನ್ನೇ ನೋಡಿದ. ತನ್ನ ಹೆಸರು ಅಷ್ಟು ಚೆನ್ನಾಗಿದೆ ಅಂತ ಅವನಿಗೆ ಅವತ್ತೇ ಗೊತ್ತಾಗಿದ್ದು.

ಸಂಜೆ ಆಯ್ತು. ಅರಮನೆಯಿಂದ ಪಂಜರಕ್ಕೆ ಸಣ್ಣಕ್ಕಿ ಅನ್ನ, ತುಪ್ಪ ಬಂತು. ನಂಜುಂಡ ಮುಟ್ಟಲಿಲ್ಲ, ಹುಂಜ ತಿಂದ್ವು. ಹೊನ್ನಿ ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅರಮನೆ ಹಿತ್ತಲಿಗೆ ಹೋದಳು. ಅಡುಗೆಮನೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಯಾರೋ ಕೆಲಸದೋಳು ಅಂದುಕೊಂಡು ಹೊನ್ನಿ, "ಅಕ್ಕಾ, ಒಂದು ಹಿಡಿ ರಾಗಿಹಿಟ್ಟು, ಒಂದಿಷ್ಟು ಕಾಳು ಕೊಡವ್ವಾ. ನಮ್ಮನೆಯವರು ಅನ್ನ ಮುಟ್ಟಲ್ಲ" ಅಂದಳು. ಅವಳು ರಾಣಿ. ರಾಣಿ ತಾನ್ಯಾರು ಅಂತ ಹೇಳದೆ ಹಿಟ್ಟು ಕೊಟ್ಟಳು, ಕಾಳು ಕೊಟ್ಟಳು, ಒಲೆ ಪಕ್ಕದಲ್ಲೇ ನಿಂತು ನೋಡಿದಳು.

ಹೊನ್ನಿ ಸಾರು ಮಾಡಿದಳು. ಉಪ್ಪು ಹಾಕಿದಳು. ಮುದ್ದೆ ತೊಳಸ್ತಾ ತೊಳಸ್ತಾ ಅತ್ತಳು. ಅತ್ತು ಮರೆತಳು. ಇನ್ನೊಂದು ಸಲ ಉಪ್ಪು ಹಾಕಿದಳು. ರಾಣಿ ಬಾಯಿ ತೆಗೆದಳು, ಆಮೇಲೆ ಏನೋ ಯೋಚಿಸಿ ಸುಮ್ನಾದಳು.

ಹೊನ್ನಿ ತಟ್ಟೆ, ಸಾರಿನ ಪಾತ್ರೆ ತಗೊಂಡು ಪಂಜರದ ಹತ್ರ ಬಂದಳು. ಆಗ ಸರಿಯಾಗಿ ರಾಜನೂ ಅಲ್ಲೇ ಮಣೆ ಮೇಲೆ ಒಬ್ಬನೇ ಊಟಕ್ಕೆ ಕೂತಿದ್ದ. ದೂರದಲ್ಲಿ ಪಂಡಿತರು ನಿಂತಿದ್ರು. ಸರಳಿನ ಸಂದೀಲಿ ತಟ್ಟೆ ತೂರಲಿಲ್ಲ. ಹೊನ್ನಿ ಸರಳಿಗೆ ಒತ್ತಿ ತಟ್ಟೆ ಹಿಡಿದು ನೆಲದ ಮೇಲೆ ಕೂತಳು. ನಂಜುಂಡ ಒಳಗಿಂದ ಕೈ ಹೊರಗೆ ಹಾಕಿ ಮುದ್ದೆ ಮುರಿದ, ಸಾರಲ್ಲಿ ಅದ್ದಿದ, ಬಾಯಿಗಿಟ್ಟ.

ಉಪ್ಪು! ಕಣ್ಣಲ್ಲಿ ನೀರು ತುಂಬಿಕೊಂಡಿತು. ಕಿವಿ ಕೆಂಪಾಯ್ತು. ಆದ್ರೆ ಮುಖ ಹಿಂಡಲಿಲ್ಲ. ನುಂಗಿದ. ಇನ್ನೊಂದು ತುತ್ತು ಮುರಿದ. ಅದನ್ನೂ ನುಂಗಿದ.

"ಹೆಂಗೈತೆ?" ಅಂದಳು ಹೊನ್ನಿ. ಎಷ್ಟೋ ದಿನಕ್ಕೆ ಮರಕ್ಕೂ ಅಲ್ಲ, ಕಂಬಕ್ಕೂ ಅಲ್ಲ, ಅವನಿಗೇ ಕೇಳಿದ ಮಾತು.

"ಸರ್ಯಾಗೈತೆ. ನೀನೂ ಉಣ್ಣು. ಮಧ್ಯಾಹ್ನದಿಂದ ಹಸ್ಕೊಂಡಿದ್ದೀಯ."

ಹೊನ್ನಿ ಒಂದು ತುತ್ತು ಬಾಯಿಗಿಟ್ಟಳು, ಮುಖ ಕಿವುಚಿದಳು. "ಅಯ್ಯಯ್ಯೋ, ಮತ್ತೆ ಎರಡು ಸಲ ಹಾಕಿದ್ನಾ! ಉಗೀರಿ, ಉಗೀರಿ!"

"ಯಾಕೆ ಉಗೀಲಿ? ನನ್ನ ಹೆಸರು ಕೂಗಿದೆಯಲ್ಲ. ಹೆಸರಿಗಾದ್ರೂ ಉಣ್ಣಬೇಡ್ವಾ?" ಅಂದ ನಂಜುಂಡ. ಇಬ್ಬರೂ ಅಳ್ತಾ ನಗ್ತಾ ಸರಳಿಗೆ ಹಣೆ ಒತ್ತಿ ಒಂದೇ ತಟ್ಟೇಲಿ ಉಂಡರು.

ರಾಜ ತುತ್ತು ಕೈಯಲ್ಲೇ ಹಿಡ್ಕೊಂಡು ನೋಡ್ತಾ ಇದ್ದಾನೆ. "ಏಯ್, ಅರಮನೆ ಅನ್ನ ಬಿಟ್ಟು ಅಪರಾಧಿಗೆ ಮುದ್ದೆ ಹಾಕು ಅಂತ ನಿನಗೆ ಯಾರು ಹೇಳಿದ್ರು?" ಅಂದ.

ಹೊನ್ನಿ ಕೈ ತೊಳೆದು ಎದ್ದು ನಿಂತಳು. "ಬುದ್ದಿ, ಇವರು ಬೇರೆ ಉಂಡಾಗ ಬೇರುಂಡ. ಈಗ ನನ್ನ ಜೊತೆ ಉಂಡರು. ಈಗ ಇವರು ಬರೀ ಗಂಡ. ಬರೀ ಗಂಡನ್ನ ಪಂಜರದಲ್ಲಿ ಇಟ್ಕೊಂಡು ನೀವೇನು ಮಾಡ್ತೀರಿ?"

"ಮತ್ತೆ ಅದೇ ಮಾತು! ಬೇರೆ ಉಂಡರೆ ಯಾರೂ ಬೇರುಂಡ ಆಗಲ್ಲ ಅಂತ ಪಂಡಿತರು ಹೇಳಲಿಲ್ವಾ?"

"ಆಗಲ್ವಾ?" ಅಂತ ಹಿಂದಿಂದ ಇನ್ನೊಂದು ದನಿ ಬಂತು. ರಾಣಿ! ಹೊನ್ನಿ ಅಡುಗೆಮನೆ ಅಕ್ಕನ ಗುರುತು ಹಿಡಿದು ತಟ್ಟನೆ ಕೈ ಮುಗಿದಳು. ರಾಣಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಬೇರೆ ಉಂಡರೆ ಬೇರುಂಡ ಆಗಲ್ಲ ಅನ್ನೋದಾದ್ರೆ, ಇದು ಇವಳು ಹೇಳಿದ ಸುಳ್ಳಲ್ಲ, ನಿಮ್ಮ ಡಂಗುರದವನ ನಾಲಿಗೆ ತಪ್ಪು. ಇವನನ್ನ ಬಿಡಿ. ಆಗುತ್ತೆ ಅನ್ನೋದಾದ್ರೆ, ಪಂಜರದಲ್ಲಿ ಇರಬೇಕಾದವರೊಬ್ಬರು ಹೊರಗೆ ಮಣೆ ಮೇಲೆ ಕೂತು ಒಬ್ಬರೇ ಉಣ್ತಾ ಇದ್ದಾರೆ. ಯಾವ ಅರ್ಥ ಇಟ್ಕೋತೀರೋ ಇಟ್ಕೊಳ್ಳಿ."

ರಾಜ ಪಂಡಿತರ ಮುಖ ನೋಡಿದ. ಪಂಡಿತರು ಆಕಾಶ ನೋಡಿದರು. ರಾಜ ಪಂಜರ ನೋಡಿದ. ಅವನ ಅಳತೆಗೂ ಸರಿಯಾಗೇ ಇತ್ತು ಅದು. ಮಾತು ಮರೆಸೋಕೆ, "ಅದೇನು ಅಂಥಾ ಸಾರು, ಇಲ್ಲಿ ಕೊಡಿ" ಅಂತ ಹೊನ್ನಿ ಸಾರಿನ ಪಾತ್ರೆಗೆ ಬೆರಳದ್ದಿ ನೆಕ್ಕಿದ. ನೆಕ್ಕಿ ಹೌಹಾರಿ ಎದ್ದ. "ಥೂ! ಥೂ! ಇದನ್ನ ಹೆಂಗಯ್ಯಾ ಉಂಡೆ, ತಟ್ಟೆ ತುಂಬ?"

"ಇವಳು ಮಾಡಿದ್ದು, ಬುದ್ದಿ. ಬಿಟ್ಟು ಎದ್ದಿದ್ದೆ ಒಂದು ಸಲ. ಎದ್ದ ಮೇಲೆ ಇಷ್ಟು ದಿನ ತಿಂದದ್ದಕ್ಕಿಂತ ಇದೇ ವಾಸಿ" ಅಂದ ನಂಜುಂಡ.

ಆಗ ಪಂಡಿತರು ಆಕಾಶದಿಂದ ಕಣ್ಣಿಳಿಸಿ ಮೆಲ್ಲಗೆ ಅಂದರಂತೆ: "ಮಹಾಸ್ವಾಮಿ, ಗಂಡ ಅಂದ್ರೆ ಶೂರ ಅಂತ ಹಿರಿಯರು ಯಾಕೆ ಹೇಳಿದ್ರು ಅಂತ ನನಗೆ ಈಗ ಗೊತ್ತಾಯ್ತು. ಎರಡೂ ಒಂದೇ ಮಾತು."

ರಾಜ ನಕ್ಕುಬಿಟ್ಟ. ಹೋಳಿಗೆ ಬಿಟ್ಟು ಎದ್ದ ದಿನದಿಂದ ನಕ್ಕಿರಲಿಲ್ಲ, ಹೊಟ್ಟೆ ಹಿಡ್ಕೊಂಡು ನಕ್ಕ. ಬೀಗ ತೆಗೆಸಿದ. "ಏನು ಬೇಕಮ್ಮಾ, ಕೇಳು" ಅಂದ.

"ಕೇಳಬೇಕು ಅಂದ್ಕೊಂಡಿದ್ದು ಆಗಲೇ ಸಿಕ್ತು ಬುದ್ದಿ" ಅಂದಳು ಹೊನ್ನಿ, ರುಮಾಲಿನ ಧೂಳು ಕೊಡವಿ ಗಂಡನ ಕೈಗೆ ಕೊಡ್ತಾ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. "ಆ ಹುಂಜಾನೂ ಬಿಟ್ಬಿಡಿ, ಪಾಪ. ಅವಕ್ಕೂ ಮನೇಲಿ ಕಾಯೋರು ಇರ್ತಾರೆ."

ವಾಪಸ್ ಹೋಗ್ತಾ ಅದೇ ಹುಣಸೆಮರ ಸಿಕ್ತು. ಈ ಸಲ ಇಬ್ಬರೂ ಮರದ ಒಂದೇ ಕಡೆ ಕೂತರಂತೆ. ಕೊಟ್ಟಿಗೆಯ ಮೂರು ಕಲ್ಲು ಬಚ್ಚಲಿಗೆ ಹೋಯ್ತು. ನಾಯಿ ಮಾತ್ರ ಸ್ವಲ್ಪ ಇಳಿದುಹೋಯ್ತು.

ಹಬ್ಬ ಬಂತು. ರಾಣಿಯ ತಮ್ಮನೂ ಬಂದ, "ಎಲ್ಲಿ ಭಾವ, ಎರಡು ತಲೆ ಹಕ್ಕಿ?" ಅನ್ನುತ್ತಲೇ ಬಂದ. ಒಳಗೆ ನೋಡಿದ್ರೆ ರಾಜ ರಾಣಿ ಒಂದೇ ತಟ್ಟೆಗೆ ಬಗ್ಗಿ ಹೋಳಿಗೆ ಮುರೀತಾ ಇದ್ದಾರೆ. ಅವತ್ತಿನ ಹೋಳಿಗೆಗೆ ರಾಣಿ ತಾನೇ ಹೂರಣ ಅರೆದಿದ್ದಳಂತೆ, ಬೆಲ್ಲ ಹಾಕೋದೇ ಮರೆತಿದ್ದಳಂತೆ. ರಾಜ ಕಮಕ್ ಕಿಮಕ್ ಅನ್ನದೆ ತಿಂತಾ ಇದ್ದ.

"ಕಣ್ಣು ಕಾಣಲ್ವೇನೋ?" ಅಂದಳು ರಾಣಿ. "ತಲೆ ಎರಡು, ತಟ್ಟೆ ಒಂದು. ಇದಕ್ಕಿಂತ ಯಾವ ಹಕ್ಕಿ ಬೇಕು ನಿನಗೆ? ಕೂತ್ಕೋ, ನೀನೂ ತಿನ್ನು, ಗೊತ್ತಾಗುತ್ತೆ ನಿಮ್ಮ ಭಾವ ಎಂಥಾ ಗಂಡ ಅಂತ."

ಅವರ ತಟ್ಟೆ ಅವರು ತೊಳೆದಿಟ್ಟರು, ನನ್ನ ಕತೆ ನಾನು ತೊಳೆದಿಟ್ಟೆ. ಹೂಂ ಅಂದ ಬಾಯಿಗೆಲ್ಲ ಹೋಳಿಗೆ ಸಿಗಲಿ. ಏಳಿ ಈಗ, ಯಾರಾದ್ರೂ ಹೋಗಿ ಆ ಜಗಲಿ ಮೇಲೆ ಮುಖ ಊದಿಸಿಕೊಂಡು ಕೂತಿರೋ ನಮ್ಮ ಬೇರುಂಡನ್ನ ಒಳಕ್ಕೆ ಕರೀರಿ. ಇವತ್ತಿನ ಸಾರಿಗೆ ಉಪ್ಪು ಒಂದೇ ಸಲ ಹಾಕಿದ್ದೀನಿ ಅಂತ ಹೇಳಿ.